ಒಂದು ಫೆರೈಟ್ ಕ್ಲಿಪ್ ಹಾಕಿದ್ರೆ ರೇಡಿಯೋದ ಗುರ್ರ್ ಯಾಕೆ ಹೋಗುದಿಲ್ಲ

"ಫೆರೈಟ್ ಹಾಕಿ ನೋಡಿದೆ ಮಾರಾಯ್ರೆ, ಎಂತ ವ್ಯತ್ಯಾಸವೂ ಆಗ್ಲಿಲ್ಲ" ಅಂತ ಹೇಳುವವರು ನಂಗೆ ತುಂಬ ಜನ ಸಿಕ್ಕಿದ್ದಾರೆ. ಫೆರೈಟ್ ಅಂದ್ರೆ ರೇಡಿಯೋಗೆ ಬರುವ ಶಬ್ದ ತಡೀಲಿಕ್ಕೆ ವಯರಿಗೆ ತೊಡಿಸುವ ಕಪ್ಪು ಕಾಂತೀಯ ಕಲ್ಲು. ಆನ್‌ಲೈನಲ್ಲಿ ಆ ಕಪ್ಪು ಕ್ಲಿಪ್ಪಿನ ಒಂದು ಪ್ಯಾಕೆಟ್ ತರಿಸಿರ್ತಾರೆ, ಮೋಡೆಮ್ಮಿನ ವಯರಿಗೆ ಒಂದು, ಚಾರ್ಜರಿನ ವಯರಿಗೆ ಒಂದು ಟಿಕ್ ಅಂತ ಹಾಕಿರ್ತಾರೆ, ರೇಡಿಯೋ ಆನ್ ಮಾಡಿದ್ರೆ ಅದೇ ಗುರ್ರ್. ಆಮೇಲೆ ಪ್ಯಾಕೆಟ್ ಮೇಜಿನ ಡ್ರಾವರಿಗೆ ಹೋಗ್ತದೆ, ಫೆರೈಟ್ ಎಲ್ಲ ಸುಮ್ನೆ ಅಂತ ತೀರ್ಮಾನ ಆಗ್ತದೆ. ನಂಗೆ ಇದು ನಿಜಕ್ಕೂ ಬೇಜಾರಿನ ವಿಷಯ. ಯಾಕೆಂದ್ರೆ ಫೆರೈಟ್ ಕೆಲಸ ಮಾಡ್ತದೆ, ಚಂದ ಮಾಡಿ ಕೆಲಸ ಮಾಡ್ತದೆ, ಆದ್ರೆ ಯಾವ ಫ್ರೀಕ್ವೆನ್ಸಿಗೆ ಯಾವ ಜಾತಿಯ ಫೆರೈಟು, ಎಷ್ಟು ಸುತ್ತು, ವಯರಿನ ಯಾವ ತುದಿಯಲ್ಲಿ, ಇಷ್ಟು ನೋಡಿ ಹಾಕಿದ್ರೆ ಮಾತ್ರ. ಅದನ್ನು ಕನ್ನಡದಲ್ಲಿ ಸ್ವಲ್ಪ ಬಿಡಿಸಿ ಬರೆದಿಡುವ ಅಂತ ತುಂಬ ಸಮಯದಿಂದ ಉಂಟು, ಈಗ ಬರೀತಿದ್ದೇನೆ, ಉದ್ದ ಆಗ್ತದೆ.

ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ, ಗುಡ್ಡದ ತಗ್ಗಿನಲ್ಲಿ ತೋಟದ ಮನೆ. ಮಂಗಳೂರು ಆಕಾಶವಾಣಿಯ ಎಫ್ಎಂ 100.3 ಮೆಗಾಹರ್ಟ್ಸ್ ಗುಡ್ಡೆಯ ಮೇಲೆ ಚಂದ ಬರ್ತದೆ, ಮನೆ ಇರುವ ತಗ್ಗಿಗೆ ಇಳಿಯುವಾಗ ಗುಡ್ಡ ಅಡ್ಡ. ಮೀಡಿಯಂ ವೇವ್ ಹಾಗಲ್ಲ, ಅದು ನೆಲ ಹಿಡ್ಕೊಂಡು ಬರುವ ಅಲೆ, 1089 ಕಿಲೋಹರ್ಟ್ಸ್ ಅಂದ್ರೆ ಒಂದೊಂದು ಅಲೆಗೆ ಸುಮಾರು 275 ಮೀಟರ್ ಉದ್ದ, ನಮ್ಮ ಸಣ್ಣ ಸಣ್ಣ ಗುಡ್ಡ ಅದಕ್ಕೆ ಲೆಕ್ಕಕ್ಕಿಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ರೇಡಿಯೋ ಅಂದ್ರೆ ಮೀಡಿಯಂ ವೇವೇ ಆಗಿತ್ತು, 1089ರಲ್ಲಿ ಮಂಗಳೂರು, ರಾತ್ರಿ ಆದ್ಮೇಲೆ 612ರಲ್ಲಿ ಬೆಂಗಳೂರು. 1956ರ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿದ್ದು, ನಮಗೆ ಕೇಳುವ ಕನ್ನಡ ಗಡಿಯ ಆಚೆಯಿಂದಲೇ ಬರ್ಬೇಕು, ಅದಕ್ಕೆ ಚೆಕ್‌ಪೋಸ್ಟ್ ಇಲ್ಲ. ಅಪ್ಪನಿಗೆ ತಾಳಮದ್ದಳೆ ಬರುವಾಗ ಯಾರೂ ಮಾತಾಡ್ಲಿಕ್ಕೆ ಇಲ್ಲ. ಗುರ್ರ್ ಶಬ್ದ ಬಂದ್ರೆ ಚೆಂಡೆ ಮದ್ದಳೆ ಹೇಗೋ ಅದರ ಮೇಲಿಂದ ಕೇಳ್ತದೆ, ಭಾಗವತರ ಪದವೂ ಅಂದಾಜಿಗೆ ಸಿಗ್ತದೆ, ಆದ್ರೆ ಅರ್ಥ ಹೇಳುವವರು ಸ್ವರ ತಗ್ಗಿಸಿ ಒಂದು ಮಾತು ಹೇಳ್ತಾರೆ ನೋಡಿ, ಅದು ಪೂರಾ ಮುಳುಗಿ ಹೋಗ್ತದೆ. ತಾಳಮದ್ದಳೆ ಕೇಳುದೇ ಆ ಮಾತಿಗೆ ಅಲ್ವಾ.

ಹಿಂದೆ ಈ ಶಬ್ದ ಇರ್ಲಿಲ್ಲ. ಮನೆಯಲ್ಲಿ ನಾಕು ಬಲ್ಬು, ಒಂದು ಮಿಕ್ಸಿ, ಒಂದು ಪಂಪು. ಈಗ ಪ್ಲಗ್ ಪಾಯಿಂಟ್ ಇರುವಲ್ಲೆಲ್ಲ ಒಂದು ಎಸ್‌ಎಂಪಿಎಸ್ (ಸ್ವಿಚ್ ಮಾಡಿ ವೋಲ್ಟೇಜ್ ಇಳಿಸುವ ಪವರ್ ಸಪ್ಲೈ) ಕೂತಿದೆ. ಮೊಬೈಲ್ ಚಾರ್ಜರು, ಮೋಡೆಮ್, ಸೆಟ್‌ಟಾಪ್ ಬಾಕ್ಸು, ಸಿಸಿಟಿವಿ, ಎಲ್‌ಇಡಿ ಬಲ್ಬು, ಎಲ್ಲ ಒಳಗೆ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಆನ್ ಆಫ್ ಮಾಡಿಯೇ ವೋಲ್ಟೇಜ್ ಇಳಿಸುದು. ಒಂದು ಅಡಾಪ್ಟರ್ 68 ಕಿಲೋಹರ್ಟ್ಸಲ್ಲಿ ಸ್ವಿಚ್ ಆಗ್ತದೆ ಅಂತ ಇಟ್ಕೊಳ್ಳಿ. ಬರೀ 68ರಲ್ಲಿ ಶಬ್ದ ಬಂದಿದ್ರೆ ನಮಗೆಂತ ತೊಂದ್ರೆ ಇರ್ಲಿಲ್ಲ, ಆದ್ರೆ ಆ ಆನ್ ಆಫ್ ಚೌಕಾಕಾರದ ಅಲೆ, ಅದಕ್ಕೆ ಎರಡರಷ್ಟು ಮೂರರಷ್ಟು ಹೀಗೆ ಹಾರ್ಮೋನಿಕ್ಸ್ ಮೇಲೆ ಮೇಲೆ ಹೋಗ್ತಾ ಇರ್ತದೆ. 68ನ್ನು 9ರಿಂದ ಗುಣಿಸಿ, 612, ಸರಿಯಾಗಿ ಬೆಂಗಳೂರಿನ ತಲೆ ಮೇಲೆ. 16ರಿಂದ ಗುಣಿಸಿ, 1088, ಮಂಗಳೂರಿಂದ ಒಂದೇ ಕಿಲೋಹರ್ಟ್ಸ್ ದೂರ, ಎರಡೂ ಸೇರಿ ಕಿವಿಯಲ್ಲಿ ಕುಂಯ್ ಅಂತ ಸೀಟಿ. ಅದೂ ಅಗ್ಗದ ಅಡಾಪ್ಟರಿನ ಫ್ರೀಕ್ವೆನ್ಸಿ ಒಂದು ಕಡೆ ನಿಲ್ಲುದಿಲ್ಲ, ಲೋಡ್ ಹೆಚ್ಚು ಕಮ್ಮಿ ಆದ ಹಾಗೆ ಆಚೆ ಈಚೆ ಹೋಗ್ತದೆ, ಹಾಗಾಗಿ ಸೀಟಿ ಹೋಗಿ ಅಗಲವಾದ ಗುರ್ರ್ ಆಗ್ತದೆ.

ಇದನ್ನು ತಡೀಲಿಕ್ಕೆ ನಿಯಮ ಇಲ್ಲ ಅಂತ ಅಲ್ಲ. ಸಿಐಎಸ್‌ಪಿಆರ್ ಅಂತ ಅಂತಾರಾಷ್ಟ್ರೀಯ ಸಮಿತಿ ಉಂಟು, ಅದರ 32ನೇ ಸ್ಟ್ಯಾಂಡರ್ಡ್ ಇಂಥ ಇಲೆಕ್ಟ್ರಾನಿಕ್ಸ್ ಸಾಮಾನಿಗೆ, 15ನೇದ್ದು ಲೈಟಿಗೆ, ಮೈನ್ಸ್ ವಯರಿನಲ್ಲಿ 150 ಕಿಲೋಹರ್ಟ್ಸಿಂದ 30 ಮೆಗಾಹರ್ಟ್ಸ್ ವರೆಗೆ ಎಷ್ಟು ಶಬ್ದ ಬಿಡಬಹುದು ಅಂತ ಅದರಲ್ಲಿ ಮಿತಿ ಬರೆದಿದ್ದಾರೆ. ಮೀಡಿಯಂ ವೇವ್ ಪೂರ್ತಿ ಅದರೊಳಗೆ ಬರ್ತದೆ. ಆದ್ರೆ ಒಂದು ಅಗ್ಗದ 12 ವೋಲ್ಟಿನ ಅಡಾಪ್ಟರ್ ಬಿಚ್ಚಿ ನೋಡಿ. ಮೈನ್ಸ್ ಒಳಗೆ ಬರುವ ಜಾಗದಲ್ಲಿ, ಎಸಿಯನ್ನು ಡಿಸಿ ಮಾಡುವ ಬ್ರಿಡ್ಜ್ ಡಯೋಡಿನ ಮೊದಲು, ಬೋರ್ಡಿನಲ್ಲಿ ಒಂದು ಚೌಕ ಬಿಳಿ ಗೆರೆ, ಅದರ ಪಕ್ಕ ಎಲ್ಎಫ್1 ಅಂತಲೋ ಮತ್ತೊಂದೋ ಹೆಸರು, ನಾಕು ತೂತು. ಅಲ್ಲಿ ಒಂದು ಕಾಮನ್ ಮೋಡ್ ಚೋಕ್, ಅಂದ್ರೆ ಫೆರೈಟಿಗೆ ತಂತಿ ಸುತ್ತಿದ ಶಬ್ದ ತಡೆಯುವ ಸುರುಳಿ, ಕೂರ್ಬೇಕಾದ್ದು. ಕೂತದ್ದು ಎಂತ? ಎರಡು ತುಂಡು ಸಪೂರ ತಂತಿ, ಜಂಪರ್. ಪಕ್ಕದಲ್ಲಿ ಕೆಪಾಸಿಟರಿನ ಜಾಗವೂ ಖಾಲಿ. ಡಿಸೈನ್ ಮಾಡಿದವನಿಗೆ ಗೊತ್ತಿತ್ತು ಬೇಕು ಅಂತ, ಜಾಗ ಬಿಟ್ಟಿದ್ದಾನೆ, ಮಾಡುವಾಗ ಹತ್ತು ರೂಪಾಯಿ ಉಳಿಸಿದ್ರು. ನಾವು ಹೊರಗಿಂದ ವಯರಿಗೆ ಫೆರೈಟ್ ಹಾಕುದು ಅಂದ್ರೆ ಆ ಖಾಲಿ ಬಿಟ್ಟ ಚೋಕನ್ನು ಪೆಟ್ಟಿಗೆಯ ಹೊರಗೆ ಕೂರಿಸುದು, ಅಷ್ಟೇ.

ಈಗ ಮುಖ್ಯ ವಿಷಯ, ಇದು ಗೊತ್ತಾದ್ರೆ ಉಳಿದದ್ದೆಲ್ಲ ತನ್ನಿಂದ ತಾನೇ ಬರ್ತದೆ. ವಯರಿನಲ್ಲಿ ಕರೆಂಟ್ ಎರಡು ರೀತಿಯಲ್ಲಿ ಹೋಗ್ತದೆ. ಒಂದು ತಂತಿಯಲ್ಲಿ ಹೋಗಿ ಇನ್ನೊಂದರಲ್ಲಿ ವಾಪಸು ಬರುದು, ನಮ್ಮ ಕೆಲಸದ ಕರೆಂಟ್ ಅದು, ಪವರ್ ಇರಲಿ ಡೇಟಾ ಇರಲಿ, ಅದಕ್ಕೆ ಡಿಫರೆನ್ಷಿಯಲ್ ಅಂತಾರೆ. ಇನ್ನೊಂದು ಎರಡೂ ತಂತಿಯಲ್ಲಿ ಒಟ್ಟಿಗೆ ಒಂದೇ ದಿಕ್ಕಿಗೆ ಹೋಗುದು, ವಾಪಸು ಬರುದು ಗಾಳಿಯಿಂದಲೋ ನೆಲದಿಂದಲೋ ಬೇರೆ ವಯರಿಂದಲೋ. ಇದು ಕಾಮನ್ ಮೋಡ್. ಮೊದಲನೇದ್ದು ಹೋಗುವ ತಂತಿ ಬರುವ ತಂತಿ ಹತ್ರ ಹತ್ರ ಇರುದ್ರಿಂದ ಹೊರಗೆ ಒಂದನ್ನೊಂದು ಅಳಿಸಿಬಿಡ್ತದೆ, ಆಂಟೆನಾ ಆಗುದಿಲ್ಲ. ಎರಡನೇದ್ದು ಇಡೀ ವಯರನ್ನೇ ಒಂದು ಆಂಟೆನಾ ತಂತಿ ಮಾಡ್ತದೆ. ರೇಡಿಯೋಗೆ ಬರುವ ಗುರ್ರ್ ಹೆಚ್ಚಿನಂಶ ಇದೇ.

ಫೆರೈಟ್ ಉಂಗುರದ ಒಳಗಿಂದ ಎರಡೂ ತಂತಿಯನ್ನು ಒಟ್ಟಿಗೆ ದಾಟಿಸಿದ್ರೆ ಕೆಲಸದ ಕರೆಂಟಿನ ಕಾಂತಕ್ಷೇತ್ರ ಒಂದನ್ನೊಂದು ಅಳಿಸಿ ಹೋಗ್ತದೆ, ಉಂಗುರಕ್ಕೆ ಅದು ಕಾಣುದೇ ಇಲ್ಲ. ಹಾಗಾಗಿ ಇಂಟರ್ನೆಟ್ ಸ್ಲೋ ಆಗುದಿಲ್ಲ, ಚಾರ್ಜ್ ಕಮ್ಮಿ ಆಗುದಿಲ್ಲ, ಕೆಲವರು ಹೆದರ್ತಾರೆ. ಒಂದೇ ದಿಕ್ಕಿಗೆ ಹೋಗುವ ಶಬ್ದದ ಕರೆಂಟಿಗೆ ಮಾತ್ರ ಆ ಉಂಗುರ ತಡೆ ಒಡ್ತದೆ, ಅದೂ ಸರಿಯಾದ ಫ್ರೀಕ್ವೆನ್ಸಿಯಲ್ಲಿ ಅದನ್ನು ನುಂಗಿ ಬಿಸಿ ಮಾಡಿ ಕಳೀತದೆ, ಕೈಗೆ ಗೊತ್ತಾಗದಷ್ಟು ಸಣ್ಣ ಬಿಸಿ. ಇದೇ ಕಾರಣಕ್ಕೆ ಮೈನ್ಸಿನ ವಯರಿಗೆ ಹಾಕುವಾಗ ಫೇಸ್, ನ್ಯೂಟ್ರಲ್, ಅರ್ತ್ ಮೂರೂ ಒಟ್ಟಿಗೆ ಉಂಗುರದೊಳಗೆ ಹೋಗ್ಬೇಕು. ವಯರಿನ ಸಿಪ್ಪೆ ಸುಲಿದು ಫೇಸ್ ಒಂದನ್ನೇ ಹಾಕ್ಲಿಕ್ಕೆ ಹೋಗ್ಬೇಡಿ, ಲೋಡಿನ ಕರೆಂಟಿಗೇ ಫೆರೈಟಿನ ಕಾಂತಶಕ್ತಿ ತುಂಬಿ ಹೋಗಿ (ಸ್ಯಾಚುರೇಟ್ ಆಗಿ) ನಿಷ್ಪ್ರಯೋಜಕ ಆಗ್ತದೆ. ಅರ್ತ್ ವಯರ್ ತೆಗ್ದ್ರೆ ಶಬ್ದ ಹೋಗ್ತದೆ ಅಂತ ಯಾರಾದ್ರೂ ಹೇಳಿದ್ರೆ ದಯವಿಟ್ಟು ಕೇಳ್ಬೇಡಿ, ಜೀವದ ಪ್ರಶ್ನೆ ಅದು.

ಇನ್ನು ಲೆಕ್ಕ. ಶಬ್ದದ ಕರೆಂಟ್ ಹೋಗುವ ದಾರಿಗೆ ಮೊದಲೇ 300 ಓಮ್ ತಡೆ ಉಂಟು ಅಂತ ತಿಳ್ಕೊಳ್ಳಿ. ಒಂದು ಕ್ಲಿಪ್ ಆ ಫ್ರೀಕ್ವೆನ್ಸಿಯಲ್ಲಿ 100 ಓಮ್ ಕೊಡ್ತದೆ. 300 ಹೋಗಿ 400 ಆಯ್ತು, ಕರೆಂಟ್ ಕಾಲು ಭಾಗ ಕಮ್ಮಿ ಆಯ್ತು, ಡೆಸಿಬೆಲ್ಲಲ್ಲಿ ಎರಡೂವರೆ. ಕಿವಿಗೆ ಇದು ಗೊತ್ತೇ ಆಗುದಿಲ್ಲ. "ಎಂತ ವ್ಯತ್ಯಾಸವೂ ಆಗ್ಲಿಲ್ಲ" ಅಂತ ಹೇಳುವವರು ಸುಳ್ಳು ಹೇಳುದಲ್ಲ, ಅವರ ಲೆಕ್ಕ ಇದೇ. ಈಗ ಅದೇ ಫೆರೈಟಿನೊಳಗೆ ಅದೇ ವಯರನ್ನು ಮೂರು ಸಲ ದಾಟಿಸಿ. ತಡೆ ಮೂರು ಪಟ್ಟು ಅಲ್ಲ, ಮೂರರ ವರ್ಗ, ಒಂಬತ್ತು ಪಟ್ಟು. 900 ಓಮ್. 300 ಇದ್ದದ್ದು 1200 ಆಯ್ತು, ಶಬ್ದ ನಾಲ್ಕನೇ ಒಂದಕ್ಕೆ ಇಳೀತು, 12 ಡಿಬಿ, ಹ್ಯಾಮ್‌ನವರ (ಹವ್ಯಾಸಿ ರೇಡಿಯೋದವರ) ಭಾಷೆಯಲ್ಲಿ ಸಿಗ್ನಲ್ ಮೀಟರಿನ ಎರಡು ಎಸ್ ಯೂನಿಟ್. ಐದು ಸುತ್ತಿಗೆ 2500 ಓಮ್, ಹತ್ರ ಹತ್ರ 19 ಡಿಬಿ. ಅದೇ ಒಂದು ಕಲ್ಲು, ಖರ್ಚು ಹೆಚ್ಚಾಗ್ಲಿಲ್ಲ, ಸ್ವಲ್ಪ ವಯರ್ ಸುತ್ತಿದ್ದು ಮಾತ್ರ. ಒಂದೊಂದೇ ಸುತ್ತಿನ ಐದು ಕ್ಲಿಪ್ ಸಾಲಾಗಿ ಹಾಕಿದ್ರೆ ಬರೀ ಐದು ಪಟ್ಟು, 500 ಓಮ್. ಹಾಗಾಗಿ ತೂತು ದೊಡ್ಡ ಇರುವ ಫೆರೈಟ್ ತಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುದು, ವಯರಿಗೆ ಸರಿ ಬಿಗಿಯಾಗಿ ಕೂರುವ ಸಣ್ಣ ಕ್ಲಿಪ್ಪು ನೋಡ್ಲಿಕ್ಕೆ ಚಂದ ಅಷ್ಟೆ. ಸುತ್ತು ಒಂದು ಮಿತಿ ದಾಟಿದ್ರೆ ಸುತ್ತಿಂದ ಸುತ್ತಿಗೆ ಇರುವ ಕೆಪಾಸಿಟೆನ್ಸಿನಿಂದ ಮೇಲಿನ ಫ್ರೀಕ್ವೆನ್ಸಿಯ ಶಬ್ದ ಹಾರಿ ದಾಟ್ತದೆ, ಎಫ್ಎಂಗೆ ಒಂದೆರಡು ಸುತ್ತು ಸಾಕು, ಮೀಡಿಯಂ ವೇವಿಗೆ ತೂತು ಹಿಡಿಯುವಷ್ಟು ಸುತ್ತಬಹುದು ಅಂತ ಹೇಳ್ಬಹುದು. ಮೊದಲ ಸುತ್ತೂ ಕೊನೆಯ ಸುತ್ತೂ ಒಂದಕ್ಕೊಂದು ತಾಗದ ಹಾಗೆ ದೂರ ಇಡಿ.

ಒಂದು ವಯರಿಗೆ ಮಾತ್ರ ಹಾಕಿ ಬಿಡುದೂ ಸಾಲುದಿಲ್ಲ. ನಮ್ಮಲ್ಲಿ ನವೆಂಬರ್ ಡಿಸೆಂಬರಿಗೆ ತೋಡಿಗೆ ಕಟ್ಟ ಕಟ್ಟುತ್ತಾರಲ್ಲ, ನಡುವೆ ಎಷ್ಟು ಗಟ್ಟಿ ಕಟ್ಟಿದ್ರೂ ಬದಿಯಲ್ಲಿ ಒಂದು ಕಡೆ ಬಿಟ್ಟಿದ್ರೆ ನೀರು ಪೂರಾ ಅಲ್ಲಿಂದಲೇ ಹೋಗ್ತದೆ. ಮೋಡೆಮ್ಮಿಗೆ ಅಡಾಪ್ಟರಿನ ವಯರ್, ಲ್ಯಾನ್ ಕೇಬಲ್, ಲ್ಯಾಂಡ್‌ಲೈನ್ ಫೋನಿನ ವಯರ್ ಮೂರು ಉಂಟು, ಅಡಾಪ್ಟರಿಗೆ ಹಾಕಿದ್ರೆ ಶಬ್ದ ಲ್ಯಾನಿಂದ ಹೊರಡ್ತದೆ. ಮೂರಕ್ಕೂ ಹಾಕ್ಬೇಕು, ಮೋಡೆಮ್ಮಿನ ಬುಡದಲ್ಲೇ ಹಾಕ್ಬೇಕು, ಎರಡು ಮೀಟರ್ ಆಚೆ ಹಾಕಿದ್ರೆ ಆ ಎರಡು ಮೀಟರ್ ವಯರೇ ಆಂಟೆನಾ. ಫೈಬರಿನ ಗಾಜಿನ ಎಳೆಗೆ ಏನೂ ಬೇಡ, ಅದು ಕರೆಂಟ್ ಒಯ್ಯುದಿಲ್ಲ.

ಇಷ್ಟೆಲ್ಲ ಮಾಡಿಯೂ ಆಗ್ಲಿಲ್ಲ ಅಂದ್ರೆ ಹೆಚ್ಚಾಗಿ ತಪ್ಪಿದ್ದು ಫೆರೈಟಿನ ಜಾತಿ. ಹೊರಗಿಂದ ನೋಡಿದ್ರೆ ಎಲ್ಲ ಒಂದೇ, ಕಪ್ಪು ಕಲ್ಲು. ಕಬ್ಬಿಣದ ಆಕ್ಸೈಡಿಗೆ ಬೇರೆ ಲೋಹದ ಆಕ್ಸೈಡ್ ಸೇರಿಸಿ ಒತ್ತಿ ಭಟ್ಟಿಯಲ್ಲಿ ಸುಟ್ಟ ಸಿರಾಮಿಕ್ ಅದು. 1930ರಲ್ಲಿ ಟೋಕಿಯೋದಲ್ಲಿ ಕಾಟೋ, ಟಾಕೇಯಿ ಅಂತ ಇಬ್ಬರು ಕಂಡುಹಿಡಿದದ್ದು, ಅದನ್ನು ಮಾಡಿ ಮಾರ್ಲಿಕ್ಕೆ ಅಂತಲೇ 1935ರಲ್ಲಿ ಟಿಡಿಕೆ ಕಂಪೆನಿ ಶುರುವಾದದ್ದು, ಹೌದು, ನಮ್ಮ ಕ್ಯಾಸೆಟ್ಟಿನ ಟಿಡಿಕೆಯೇ. ಮ್ಯಾಂಗನೀಸ್ ಮತ್ತು ಸತು ಸೇರಿಸಿದ್ರೆ ಒಂದು ಜಾತಿ, ಕಡಿಮೆ ಫ್ರೀಕ್ವೆನ್ಸಿಗೆ ಒಳ್ಳೇದು. ನಿಕ್ಕಲ್ ಮತ್ತು ಸತು ಸೇರಿಸಿದ್ರೆ ಇನ್ನೊಂದು, ಮೇಲಿನ ಫ್ರೀಕ್ವೆನ್ಸಿಗೆ. ಅಮೆರಿಕದ ಫೇರ್‌ರೈಟ್ ಕಂಪೆನಿಯವರು ಇದಕ್ಕೆ ನಂಬರ್ ಇಟ್ಟಿದ್ದಾರೆ, ಹ್ಯಾಮ್‌ನವರೆಲ್ಲ ಆ ನಂಬರಲ್ಲೇ ಮಾತಾಡುದು. 75 ಅಂದ್ರೆ ತೀರಾ ಕೆಳಗಿನ ಫ್ರೀಕ್ವೆನ್ಸಿಗೆ, ಅದರ ಪರ್ಮಿಯೆಬಿಲಿಟಿ, ಅಂದ್ರೆ ಕಾಂತಕ್ಷೇತ್ರವನ್ನು ಎಷ್ಟು ಪಟ್ಟು ಒಳಗೆ ಸೆಳೀತದೆ ಅನ್ನುವ ಅಳತೆ, 5000. 31 ಅಂದ್ರೆ 1500, ಒಂದು ಮೆಗಾಹರ್ಟ್ಸಿಂದ 300ರ ವರೆಗೆ, ಮೀಡಿಯಂ ವೇವಿನ ಮೇಲಿನ ಅರ್ಧ ಮತ್ತು ಶಾರ್ಟ್ ವೇವ್ ಕೇಳುವವರಿಗೆ ಒಂದೇ ತಕೊಳ್ಳುದಾದ್ರೆ ಇದೇ. 43 ಅಂದ್ರೆ 800, ಅದರ ಜೋರು 25 ಮೆಗಾಹರ್ಟ್ಸಿನ ಮೇಲೆ. 61 ಅಂದ್ರೆ ಬರೀ 125, ಮೊಬೈಲಿನ ಫ್ರೀಕ್ವೆನ್ಸಿ ಹತ್ರಕ್ಕೆ.

ಆ ಪ್ಯಾಕೆಟಿನಲ್ಲಿ ಬರುವ ನಂಬರಿಲ್ಲದ ಕ್ಲಿಪ್ಪುಗಳು ಹೆಚ್ಚಿನಂಶ ನಿಕ್ಕಲ್ ಜಾತಿಯವು. ಹಳೇ ಕಂಪ್ಯೂಟರ್ ಮಾನಿಟರಿನ ಕೇಬಲ್ಲಿಗೆ ಉಬ್ಬಿಕೊಂಡಿರ್ತದಲ್ಲ, ಅದೂ ಅದೇ ಕೆಲಸಕ್ಕೆ ಮಾಡಿದ್ದು, 30 ಮೆಗಾಹರ್ಟ್ಸಿಂದ ಮೇಲೆ. ಎಫ್ಎಂ ಶಬ್ದಕ್ಕೆ ಹಾಕಿದ್ರೆ ಚಂದ ಕೆಲಸ ಮಾಡ್ತದೆ, ಒಂದೂವರೆ ಮೀಟರ್ ವಯರ್ 100 ಮೆಗಾಹರ್ಟ್ಸಿಗೆ ಸರಿಯಾಗಿ ಅರ್ಧ ಅಲೆಯ ಆಂಟೆನಾ, ಅಲ್ಲಿ ಒಂದು ಕ್ಲಿಪ್ಪಿಗೂ ಬೆಲೆ ಉಂಟು. 1089 ಕಿಲೋಹರ್ಟ್ಸಲ್ಲಿ ಅದರ ಒಂದು ಸುತ್ತಿಗೆ ಸಿಗುದು ಕೆಲವೇ ಓಮ್. ಅಲ್ಲದೆ ಕ್ಲಿಪ್ಪಿನ ಎರಡು ಹೋಳುಗಳ ನಡುವೆ ಕೂದಲಿನಷ್ಟು ಗಾಳಿ ಉಳಿದ್ರೂ ಕೆಳಗಿನ ಫ್ರೀಕ್ವೆನ್ಸಿಯಲ್ಲಿ ತಡೆ ಬಿದ್ದೇ ಹೋಗ್ತದೆ. ಪ್ಲಾಸ್ಟಿಕ್ ಒಡೆದು ಬಾಯಿ ಸರಿ ಮುಚ್ಚದ ಕ್ಲಿಪ್ಪನ್ನು ಇಟ್ಕೊಂಡು ಪ್ರಯೋಜನ ಇಲ್ಲ. ಕಂಪ್ಯೂಟರಿನ ಪವರ್ ಸಪ್ಲೈಯಲ್ಲಿ ಸಿಗುವ ಹಳದಿ ಬಿಳಿ ಬಣ್ಣದ ಉಂಗುರವನ್ನೂ ಇದಕ್ಕೆ ತಕೊಳ್ಬೇಡಿ, ಅದು ಫೆರೈಟೇ ಅಲ್ಲ, ಕಬ್ಬಿಣದ ಪುಡಿ.

ಜಾತಿ ಗೊತ್ತು ಮಾಡ್ಲಿಕ್ಕೆ ಒಂದು ಸುಲಭದ ದಾರಿ ಉಂಟು, ಮಲ್ಟಿಮೀಟರ್ ಸಾಕು. ಬಣ್ಣ ಇಲ್ಲದ ಬರೀ ಕಲ್ಲಿನ ಮೇಲೆ ಎರಡೂ ಪ್ರೋಬನ್ನು ಒತ್ತಿ ಹಿಡಿದು ಓಮ್ಸ್ ನೋಡಿ. ಮ್ಯಾಂಗನೀಸ್ ಜಾತಿಯಾದ್ರೆ ಸಾವಿರಗಳಲ್ಲಿಯೋ ಲಕ್ಷದಲ್ಲಿಯೋ ಏನಾದ್ರೂ ಒಂದು ರೀಡಿಂಗ್ ಬರ್ತದೆ, ಕೈ ಒತ್ತಿದ ಹಾಗೆ ಹಾರಾಡ್ತದೆ ಆದ್ರೂ ಬರ್ತದೆ. ನಿಕ್ಕಲ್ ಜಾತಿಯಾದ್ರೆ ಮೀಟರ್ ಓಪನ್ ತೋರಿಸ್ತದೆ. ಗುಜರಿಯಲ್ಲಿ ಹುಡುಕುವಾಗ ನನ್ನ ಕಿಸೆಯಲ್ಲಿ ಮೀಟರ್ ಯಾವಾಗ್ಲೂ ಇರ್ತದೆ.

ಮೀಡಿಯಂ ವೇವಿಗೆ ಆಗುವ, ಮ್ಯಾಂಗನೀಸ್ ಇರುವ ದೊಡ್ಡ ಫೆರೈಟ್ ಊರಲ್ಲೇ ಬಿದ್ದುಕೊಂಡಿದೆ, ಹಳೇ ಡಬ್ಬ ಟಿವಿಯೊಳಗೆ. ಪಿಕ್ಚರ್ ಟ್ಯೂಬಿನ ಕುತ್ತಿಗೆಗೆ ಸುತ್ತಿಕೊಂಡು ಇರ್ತದಲ್ಲ, ಯೋಕ್. ನಮ್ಮ ಕಡೆಯ ಒಬ್ಬ ಟಿವಿ ರಿಪೇರಿಯ ಅಣ್ಣನ ಅಂಗಡಿ ಹಿಂದೆ ಒಂದು ರಾಶಿ ಉಂಟು. "ಅಣ್ಣ, ಯೋಕ್ ಕೊಡ್ತೀರಾ" ಅಂತ ಕೇಳಿದೆ. "ಎಂತಕ್ಕೆ ನಿಮಗೆ? ಕಾಪರ್ ನಾನು ತೆಗೀತೇನೆ, ಅದು ಗುಜರಿಗೆ ಹೋಗ್ಲಿಕ್ಕೆ ಉಂಟು. ಒಳಗಿನ ಕಲ್ಲು ಬೇಕಾದ್ರೆ ಎಷ್ಟು ಬೇಕಾದ್ರೂ ತಕೊಂಡು ಹೋಗಿ, ಅದನ್ನು ನಾವು ತೋಡಿಗೆ ಬಿಸಾಡುದು" ಅಂದ್ರು. ಹಾಗೆ ಬಿಸಾಡುವ ಕಲ್ಲು ನೋಡಿ ಅದು. ಲಾಳಿಕೆಯ ಆಕಾರ, ಒಂದು ಬಾಯಿ ದೊಡ್ಡ ಒಂದು ಸಣ್ಣ, ಅಂಗೈ ತುಂಬ ಭಾರ. ಅದಕ್ಕಿಂತ ಒಳ್ಳೇದು ಎಂತ ಅಂದ್ರೆ ಅದು ಎರಡು ಹೋಳು, ಎರಡೂ ಬದಿಯಲ್ಲಿ ಸ್ಟೀಲಿನ ಸ್ಪ್ರಿಂಗ್ ಕ್ಲಿಪ್ ಹಾಕಿ ಒತ್ತಿ ಹಿಡಿದಿರ್ತಾರೆ. ಕ್ಲಿಪ್ ಎಬ್ಬಿಸಿದ್ರೆ ಕಲ್ಲು ಬಿಚ್ಚಿಕೊಳ್ತದೆ, ಪ್ಲಗ್ ಕತ್ತರಿಸದೆ ವಯರ್ ಸುತ್ತಿ ವಾಪಸು ಮುಚ್ಚಬಹುದು. ಕಲ್ಲಿಗೇ ಸುತ್ತಿರುವ ತಂತಿಯನ್ನು ಮೊದಲು ಬಿಚ್ಚಬೇಕು, ಅಂಟು ಹಾಕಿರ್ತಾರೆ, ಹೇರ್ ಡ್ರೈಯರಿನಲ್ಲಿ ಸ್ವಲ್ಪ ಬಿಸಿ ತೋರಿಸಿದ್ರೆ ಬಿಡ್ತದೆ, ಬಡೀಲಿಕ್ಕೆ ಹೋದ್ರೆ ಗಾಜಿನ ಹಾಗೆ ಒಡೀತದೆ. ಎರಡು ಹೋಳು ಸೇರುವ ಮುಖವನ್ನು ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಅಲ್ಲಿ ಒಂದು ಚೂರು ಅಂಟು ಉಳಿದ್ರೂ ಗಾಳಿಯ ಸೆರೆ ಆಯ್ತು. ಈ ಜಾತಿಯ ಕಲ್ಲು ಕರೆಂಟ್ ಸ್ವಲ್ಪ ಒಯ್ಯುವ ಸಾಧ್ಯತೆ ಇರುದ್ರಿಂದ, ಅಂಚೂ ಚೂಪು ಇರುದ್ರಿಂದ, ಮೈನ್ಸ್ ವಯರ್ ಸುತ್ತುವ ಮೊದಲು ಕಲ್ಲಿಗೆ ಎರಡು ಸುತ್ತು ಇನ್ಸುಲೇಷನ್ ಟೇಪ್ ಹಾಕಿ. ಪಿಕ್ಚರ್ ಟ್ಯೂಬ್ ಇನ್ನೂ ಇರುವ ಟಿವಿಯಿಂದ ಯೋಕ್ ಎಳೀಲಿಕ್ಕೆ ಮಾತ್ರ ನೀವಾಗಿ ಹೋಗ್ಬೇಡಿ, ಕುತ್ತಿಗೆ ಮುರಿದ್ರೆ ಗಾಜು ಹಾರ್ತದೆ, ಅದನ್ನು ಮೆಕ್ಯಾನಿಕ್ಕಿನವರೇ ತೆಗೀಲಿ.

ಇಂಥ ಒಂದು ಯೋಕಿನ ಕಲ್ಲಿಗೆ ಮೋಡೆಮ್ ಅಡಾಪ್ಟರಿನ ಸಪೂರ ವಯರನ್ನು ಹಿಡಿಯುವಷ್ಟು ಸುತ್ತು ಸುತ್ತಿದ್ದೇನೆ, ಇನ್ನೊಂದಕ್ಕೆ ಲ್ಯಾನ್ ಕೇಬಲ್. 1089ರ ಮೇಲೆ ಇದ್ದ ಗುರ್ರ್ ಪೂರಾ ಹೋಯ್ತು ಅಂತ ಹೇಳುದಿಲ್ಲ, ಸ್ಟೇಷನ್ ಇಲ್ಲದ ಜಾಗಕ್ಕೆ ಮುಳ್ಳು ತಿರುಗಿಸಿದ್ರೆ ಇನ್ನೂ ಸಣ್ಣಕ್ಕೆ ಕೇಳ್ತದೆ. ಸ್ಟೇಷನ್ ಮೇಲೆ ಇಟ್ಟಾಗ ಕೇಳುದಿಲ್ಲ. ಅಪ್ಪ ವಾಲ್ಯೂಮ್ ಅರ್ಧಕ್ಕೆ ಇಳಿಸಿದ್ರು, ನಂಗೆ ಅದೇ ಮೀಟರ್ ರೀಡಿಂಗ್.

ಆದ್ರೆ ಫೆರೈಟ್ ಹಾಕುವ ಮೊದಲು ಕಳ್ಳ ಯಾರು ಅಂತ ಹಿಡೀಬೇಕು, ಇದರಲ್ಲಿ ಅವಸರ ಮಾಡ್ಬಾರ್ದು. ಬ್ಯಾಟರಿ ರೇಡಿಯೋ ಒಂದು ಕೈಯಲ್ಲಿ ಹಿಡ್ಕೊಂಡು ಮೈನ್ ಸ್ವಿಚ್ ಆಫ್ ಮಾಡಿ, ಮನೆಯಲ್ಲಿ ಇನ್ವರ್ಟರ್ ಇದ್ರೆ ಅದನ್ನೂ ಆಫ್ ಮಾಡಿ, ಅದು ಮರೆತುಹೋದ್ರೆ ಅರ್ಧ ಮನೆ ಚಾಲೂ ಇರ್ತದೆ. ಶಬ್ದ ನಿಂತ್ರೆ ಕಳ್ಳ ಮನೆಯೊಳಗೆ, ಒಂದೊಂದೇ ಎಂಸಿಬಿ ಎಬ್ಬಿಸ್ತಾ ಹೋಗಿ. ನಿಲ್ಲದಿದ್ರೆ ಹೊರಗೆ. ಹೊರಗಿನದ್ದನ್ನು ಹುಡುಕ್ಲಿಕ್ಕೂ ಅದೇ ರೇಡಿಯೋ ಸಾಕು, ಯಾಕೆಂದ್ರೆ ಮೀಡಿಯಂ ವೇವ್ ರೇಡಿಯೋದೊಳಗೆ ತಂತಿ ಸುತ್ತಿದ ಒಂದು ಕಪ್ಪು ಕಡ್ಡಿ ಉಂಟು, ಅದೂ ಫೆರೈಟೇ, ಅದೇ ಅದರ ಆಂಟೆನಾ. ಆ ಕಡ್ಡಿಯ ತುದಿ ಯಾವ ಕಡೆಗೆ ನೋಡ್ತದೋ ಆ ಕಡೆಯಿಂದ ಬರುವ ಅಲೆ ಅದಕ್ಕೆ ಹೆಚ್ಚುಕಮ್ಮಿ ಕೇಳುದಿಲ್ಲ. ರೇಡಿಯೋವನ್ನು ತಿರುಗಿಸ್ತಾ ಹೋಗಿ, ಶಬ್ದ ತೀರಾ ಕಮ್ಮಿ ಆಗುವಲ್ಲಿ ನಿಲ್ಲಿಸಿ, ಕಡ್ಡಿಯ ಗೆರೆಯಲ್ಲೇ ಕಳ್ಳ ಇದ್ದಾನೆ, ಮುಂದೆಯೋ ಹಿಂದೆಯೋ. ಇನ್ನೊಂದು ಜಾಗದಲ್ಲಿ ನಿಂತು ಹೀಗೇ ಮಾಡಿದ್ರೆ ಎರಡು ಗೆರೆ ಕೂಡುವಲ್ಲಿ ಸಿಕ್ತಾನೆ. ವಸ್ತು ಒಂದೇ, ರೇಡಿಯೋದೊಳಗೆ ಅಲೆ ಹಿಡೀತದೆ, ವಯರಿನ ಮೇಲೆ ಶಬ್ದ ನುಂಗ್ತದೆ, ಬೇರೆ ಏನಲ್ಲ, ಒಂದರಲ್ಲಿ ನಷ್ಟ ಕಮ್ಮಿ ಇರುವ ಫ್ರೀಕ್ವೆನ್ಸಿಯಲ್ಲಿ ಬಳಸುದು, ಇನ್ನೊಂದರಲ್ಲಿ ನಷ್ಟ ಹೆಚ್ಚಿರುವಲ್ಲಿ. ನಂಗೆ ಇದು ಯಾವಾಗ ನೆನೆದ್ರೂ ಖುಷಿ ಕೊಡುವ ವಿಷಯ.

ಹೀಗೆ ರೇಡಿಯೋ ಹಿಡ್ಕೊಂಡು ಹೊರಟ್ರೆ ಫೆರೈಟಿಂದ ಆಗದ ಕೆಲಸಗಳೂ ಸಿಗ್ತವೆ, ಅದನ್ನೂ ಹೇಳ್ಬೇಕು. ನಮ್ಮ ಮೂಡು ಬದಿಯಲ್ಲಿ, ಕಾಡಿನ ಅಂಚಿನ ತೋಟಗಳಿಗೆ ಹಂದಿ, ಆನೆ ಬಾರದ ಹಾಗೆ ಸೋಲಾರ್ ಬೇಲಿ ಹಾಕಿರ್ತಾರೆ. ರೇಡಿಯೋದಲ್ಲಿ ಸೆಕೆಂಡಿಗೆ ಒಂದು ಸಲ ಟಕ್ ಟಕ್ ಅಂತ ಕೇಳಿದ್ರೆ ಅದೇ. ಬೇಲಿ ಸರಿ ಇದ್ರೆ ಅಷ್ಟು ಶಬ್ದ ಬರುದಿಲ್ಲ, ಬಳ್ಳಿಯೋ ಕಳೆಗಿಡವೋ ತಂತಿಗೆ ತಾಗಿ ಅಥವಾ ಇನ್ಸುಲೇಟರ್ ಬಿರುಕು ಬಿಟ್ಟು ಕಿಡಿ ಹಾರುವಲ್ಲಿ ಬರ್ತದೆ. ಕಿಲೋಮೀಟರ್‌ಗಟ್ಟಲೆ ತಂತಿ, ಸಾವಿರಾರು ವೋಲ್ಟು, ಇದಕ್ಕೆ ಎಂತ ಫೆರೈಟ್ ಹಾಕುದು. ರೇಡಿಯೋ ಹಿಡ್ಕೊಂಡು ಬೇಲಿ ಉದ್ದಕ್ಕೆ ನಡೀರಿ, ಟಕ್ ಜೋರಾಗುವಲ್ಲಿ ಕತ್ತಿ ಹಾಕಿ ಸವರಿ, ತೋಟದವರಿಗೂ ಲಾಭ, ಅಲ್ಲಿ ಬೇಲಿಯ ಶಕ್ತಿ ಸೋರ್ತಿರ್ತದೆ.

ಎಲ್‌ಇಡಿ ಬಲ್ಬ್ ಗುರ್ರ್ ಅಂದ್ರೆ ಬಲ್ಬ್ ಬದಲಿಸಿ, ಹೋಲ್ಡರಿಗೆ ನೇರ ಕೂತ ಬಲ್ಬಿಗೆ ಫೆರೈಟ್ ಹಾಕ್ಲಿಕ್ಕೆ ವಯರೇ ಇಲ್ಲ. ಸಿಡಿಲಿಗೆ ಫೆರೈಟ್ ರಕ್ಷಣೆ ಅಂತ ಕೆಲವರು ನಂಬಿದ್ದಾರೆ, ಅಲ್ಲ, ಅಷ್ಟು ಕರೆಂಟಿಗೆ ಅದು ಆ ಕ್ಷಣವೇ ಸ್ಯಾಚುರೇಟ್ ಆಗ್ತದೆ, ತುಲಾ ಮಳೆಯ ಗುಡುಗು ಹತ್ರ ಬರುವ ಮೊದಲೇ ಪ್ಲಗ್ ತೆಗೀಲೇಬೇಕು. ದೇವಸ್ಥಾನದ ಜಾತ್ರೆಗೆ, ಯಕ್ಷಗಾನ ಆಟಕ್ಕೆ ಸೌಂಡ್ಸ್ ಹಾಕುವ ಹುಡುಗ್ರು ಕೇಳ್ತಾರೆ, ಸ್ಪೀಕರಿನ ಹುಂಯ್ ಹೋಗ್ತದಾ ಅಂತ. 50 ಅಥವಾ 100 ಹರ್ಟ್ಸಿನ ಹಮ್ಮಿಗೆ ಫೆರೈಟ್ ಏನೂ ಮಾಡುದಿಲ್ಲ, ಅದು ಹೆಚ್ಚಾಗಿ ಅರ್ತಿನ ಲೂಪಿನ ಸಮಸ್ಯೆ. ಮೈಕಿನ ಹತ್ರ 2ಜಿ ಫೋನ್ ಇಟ್ಟಾಗ ಟಿಟ್ಟಿಟ್ಟಿ ಟಿಟ್ಟಿಟ್ಟಿ ಅಂತ ಬರುದು ಬೇರೆ, ಫೋನು ಸೆಕೆಂಡಿಗೆ 217 ಸಲ ಬಿಟ್ಟು ಬಿಟ್ಟು ಟ್ರಾನ್ಸ್‌ಮಿಟ್ ಮಾಡುದ್ರಿಂದ ಬರುವ ಶಬ್ದ ಅದು, ಅದಕ್ಕೆ ಮಿಕ್ಸರಿನ ಬುಡದಲ್ಲಿ ಮೈಕ್ ಕೇಬಲ್ಲಿಗೆ 61 ಅಥವಾ 43ರ ಕ್ಲಿಪ್ ಹಾಕಿದ್ರೆ ಗುಣ ಕಾಣ್ತದೆ.

ಶಾರ್ಟ್ ವೇವಲ್ಲಿ ಹ್ಯಾಮ್‌ನವರನ್ನು ಕೇಳುವವರಿಗೆ ಒಂದು ಮಾತು. 14.030, 21.052 ಮೆಗಾಹರ್ಟ್ಸ್ ಹತ್ರ ನಿಂತಲ್ಲೇ ನಿಂತ ಒಂದು ಸಣ್ಣ ಅಲುಗುವ ಸೀಟಿ ಕೇಳಿದ್ರೆ ಅದು ಲ್ಯಾನ್ ಕೇಬಲ್ಲಿನದ್ದು, ಕೇಬಲ್ ಕಳಚಿ ನೋಡಿದ್ರೆ ಗೊತ್ತಾಗ್ತದೆ. ಇದಕ್ಕೆ 31ರ ಉಂಗುರ, ಕೇಬಲ್ಲಿನ ಎರಡೂ ತುದಿಯಲ್ಲಿ.

ಈಗ ಬಾಕಿ ಇರುದು ಪಕ್ಕದ ಮನೆ ಮಾವನ ಸೋಲಾರ್. ಬಿಸಿಲು ಬಂದ ಮೇಲೆ ಶಬ್ದ ಶುರು, ಮೋಡ ಬಂದ್ರೆ ಸ್ವರ ಬದಲಾಗ್ತದೆ, ಸಂಜೆ ತನ್ನಿಂದ ತಾನೇ ನಿಲ್ತದೆ, ಇದಕ್ಕಿಂತ ಸ್ಪಷ್ಟ ಗುರುತು ಬೇಡ. ಪ್ಯಾನೆಲಿಂದ ಬರುವ ಪ್ಲಸ್ ಮತ್ತು ಮೈನಸ್ ಕೇಬಲ್ಲನ್ನು ಹಾಕಿದವರು ಮಾಡಿನ ಎರಡು ಬದಿಯಿಂದ ಬೇರೆ ಬೇರೆ ತಂದಿದ್ದಾರೆ, ಅಷ್ಟೂ ಅಗಲದ ಒಂದು ಲೂಪ್ ಆಂಟೆನಾ ಮಾಡಿನ ಮೇಲೆ. ಮಾವನ ಹತ್ರ ಹೇಳಿದೆ, "ಮಾವ, ನಿಮ್ಮ ಕರೆಂಟಿಗೆ ಏನೂ ಕಮ್ಮಿ ಆಗುದಿಲ್ಲ, ವಯರನ್ನು ಕಡೀಲಿಕ್ಕೂ ಇಲ್ಲ." "ರೇಡಿಯೋ ನಂಗೂ ಬೇಕಲ್ಲ ಮಾರಾಯಾ, ಮಾಡು" ಅಂದ್ರು. ಹಗಲು ಪ್ಯಾನೆಲಿನ ವಯರಿನಲ್ಲಿ ಯಾವಾಗ್ಲೂ ಡಿಸಿ ವೋಲ್ಟೇಜ್ ಇರುದ್ರಿಂದ ಕನೆಕ್ಟರ್ ಮುಟ್ಟುವ ಕೆಲಸ ಸೋಲಾರಿನವರೇ ಬಂದು ಮಾಡ್ಬೇಕು, ಎರಡೂ ಕೇಬಲ್ಲನ್ನು ಒಟ್ಟಿಗೆ ಜೋಡಿಸಿ ಒಂದೇ ಪೈಪಿನಲ್ಲಿ ತರುದು ಅವರ ಕೆಲಸ. ಆಮೇಲೆ ಇನ್ವರ್ಟರಿನ ಬುಡದಲ್ಲಿ ಎರಡನ್ನೂ ಜೊತೆಯಲ್ಲಿ ಯೋಕಿನ ಕಲ್ಲಿನೊಳಗಿಂದ ಮೂರು ನಾಕು ಸುತ್ತು, ಎಸಿ ಹೊರಗೆ ಹೋಗುವ ವಯರಿಗೂ ಅಷ್ಟೇ. ದಪ್ಪ ಕೇಬಲ್ಲಿಗೆ ದೊಡ್ಡ ಬಾಯಿಯ ಕಲ್ಲು ಬೇಕು, 29 ಇಂಚಿನ ಟಿವಿಯ ಯೋಕ್ ಸಿಕ್ಕಿದ್ರೆ ತೆಗ್ದಿಡಿ ಅಂತ ರಿಪೇರಿ ಅಣ್ಣನಿಗೆ ಹೇಳಿ ಇಟ್ಟಿದ್ದೇನೆ.